ಆದವಾನಿಯ ಖಾಲಿ ಚೀಲ

ಆದವಾನಿಯ ವ್ಯಾಪಾರದ ಚರಿತ್ರೆ ಹೇಳುವವರು ಹತ್ತಿಯಿಂದ ಶುರು ಮಾಡುತ್ತಾರೆ, ಶೇಂಗಾಕ್ಕೆ ಬರುತ್ತಾರೆ, ಜಿನ್ನು ಪ್ರೆಸ್ಸುಗಳನ್ನೂ ಎಣ್ಣೆ ಗಿರಣಿಗಳನ್ನೂ ನೆನೆಯುತ್ತಾರೆ. ಸುತ್ತಲ ಸೀಮೆಯ ಜನ ಎರಡನೆಯ ಬೊಂಬಾಯಿ ಎಂದು ಕರೆದ ಊರು ಇದು. ಆ ಮಾಲನ್ನೆಲ್ಲ ಹೊತ್ತ ಚೀಲದ ಮಾತು ಮಾತ್ರ ಅಪರೂಪಕ್ಕೂ ಬರುವುದಿಲ್ಲ. ಚೀಲವನ್ನು ಹಿಡಿದು ಹೊರಟರೆ ಈ ಊರಿನ ಚರಿತ್ರೆ ಇನ್ನೊಂದು ಬಗೆಯಾಗಿ ಕಾಣುತ್ತದೆ, ಇವತ್ತಿನ ಒಂದು ದೊಡ್ಡ ತೊಡಕಿಗೆ ಉತ್ತರದ ಜಾಡೂ ಸಿಗುತ್ತದೆ. ಚೀಲ ಎಷ್ಟು ಗಟ್ಟಿಯಿರಬೇಕು, ಎಷ್ಟು ಸಲ ಬಾಳಬೇಕು ಎಂಬುದನ್ನು ಇಲ್ಲಿ ಬಹುಕಾಲ ನಿರ್ಧರಿಸಿದವನು ಅದನ್ನು ನೇಯ್ದವನಲ್ಲ, ತುಂಬಿದವನೂ ಅಲ್ಲ. ಬರಿದಾದ ಮೇಲೆ ಕೊಂಡವನು. ಪೇಟೆಯ ಹಿಂದಿನ ಓಣಿಯಲ್ಲಿ ಖಾಲಿ ಚೀಲ ರಾಶಿ ಹಾಕಿಕೊಂಡು ಕೂತ ಸಣ್ಣ ವ್ಯಾಪಾರಿ ಅವನು. ಅವನ ಕೈಯಿಂದ ಆ ಅಧಿಕಾರ ಜಾರಿದ ಮೇಲೆಯೇ ಚೀಲ ಕಸವಾಯಿತು ಎಂಬುದು ನನ್ನ ವಾದ.

ಮೊದಲು ಊರಿನ ವಿಷಯ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ದತ್ತ ಮಂಡಲದಲ್ಲಿ ಆದವಾನಿಯೂ ಸೇರಿತ್ತು. ಆಮೇಲೆ ಅದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲೂಕು ಕೇಂದ್ರವಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಗಡಿ ಸರಿದರೂ ವ್ಯಾಪಾರ ಸರಿಯಲಿಲ್ಲ. ಸಿರುಗುಪ್ಪ, ರಾಯಚೂರು ಕಡೆಯ ಹತ್ತಿ ಇವತ್ತಿಗೂ ಆದವಾನಿಯ ಯಾರ್ಡಿಗೆ ಬರುತ್ತದೆ. ಹಾಲಹರವಿ, ಹೊಳಗುಂದಿ, ಕೌತಾಳದ ಕಡೆಯಿಂದ ಬಂದ ರೈತ ದಲ್ಲಾಳಿ ಅಂಗಡಿಯಲ್ಲಿ ಕನ್ನಡದಲ್ಲಿ ದರ ಕೇಳಿ ತೆಲುಗಿನಲ್ಲಿ ಉತ್ತರ ಪಡೆಯುವುದು ಯಾರಿಗೂ ವಿಶೇಷವಲ್ಲ.

ರೈಲು ಬರುವ ಮುಂಚೆ ಈ ಸೀಮೆಯ ಚೀಲ ಈ ಸೀಮೆಯ ಹೊಲದಲ್ಲೇ ಬೆಳೆಯುತ್ತಿತ್ತು. ಪಲ್ಯಕ್ಕೆ ಎಳೆಯ ಸೊಪ್ಪು ಕೊಡುವ ಪುಂಡಿ ಬಲಿತು ನಿಂತರೆ ನಾರು ಕೊಡುತ್ತದೆ. ಅಪ್ಸೆಣಬಿನದು ಇನ್ನೂ ಗಟ್ಟಿ ನಾರು. ದಂಟು ಕೊಯ್ದು, ಕೆರೆಯ ನೀರಿನಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು, ಬಡಿದು ತೊಳೆದು ನೂತರೆ ಗೋಣಿಯ ನೂಲು. ಮೈಸೂರು ಕಡೆಯ ಗೋಣಿಗರೂ ತೆಲುಗು ಸೀಮೆಯ ಜನಪ್ಪರೂ ಇದನ್ನೇ ಕುಲಕಸುಬಾಗಿ ಮಾಡಿಕೊಂಡವರು ಎಂದು ಎಡ್ಗರ್ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ದಾಖಲಿಸಿದ್ದಾನೆ. ಅವರು ನೇಯ್ದ ಗೋಣಿ ಹೇರೆತ್ತಿನ ಬೆನ್ನೇರುತ್ತಿತ್ತು. ಲಂಬಾಣಿ ತಾಂಡಾಗಳು ಒಳನಾಡಿನ ಧಾನ್ಯ ಹೊತ್ತು ಕರಾವಳಿಗೆ ಇಳಿದು, ಅಲ್ಲಿಂದ ಉಪ್ಪು ಹೇರಿಕೊಂಡು ಬರುತ್ತಿದ್ದವು. ಚೀಲ ಎಂದೂ ಬರಿದಾಗಿ ತಿರುಗುತ್ತಿರಲಿಲ್ಲ. ವಾರಗಟ್ಟಲೆ ಎತ್ತಿನ ಬೆನ್ನಿನ ಮೇಲೆ ಉಜ್ಜಿಸಿಕೊಳ್ಳುವ ಚೀಲದ ಹೊಲಿಗೆ ಬಿಚ್ಚಿದರೆ ದಾರಿಯಲ್ಲೇ ನಷ್ಟ. ಹಾಗಾಗಿ ನೇಯುವವನ ಕೈಗೆ ಹೇರುವವನ ಕಣ್ಣು ಕಾವಲಿತ್ತು. ಇಬ್ಬರೂ ಒಂದೇ ಸಂತೆಯವರು.

ರೈಲು ಈ ಹತ್ತಿರವನ್ನು ಮುರಿಯಿತು. ಮದ್ರಾಸಿನಿಂದ ಹೊರಟ ರೈಲುಮಾರ್ಗ ಗುಂತಕಲ್ಲು, ಆದವಾನಿ ದಾಟಿ 1871ರಲ್ಲಿ ರಾಯಚೂರಿನ ಹತ್ತಿರ ಬೊಂಬಾಯಿ ಕಡೆಯ ಮಾರ್ಗಕ್ಕೆ ಕೂಡಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ಏರಿದ ಹತ್ತಿಯ ಆಸೆ ಆಗಲೇ ಈ ಕರಿನೆಲದಲ್ಲಿ ಬೇರೂರಿತ್ತು. 1876ರಿಂದ 78ರ ಬರ ಜನವನ್ನು ಹಿಂಡಿಹಾಕಿತು. ಆದರೂ ಇಪ್ಪತ್ತನೆಯ ಶತಮಾನ ತೆರೆಯುವ ಹೊತ್ತಿಗೆ, 30,416 ಜನರ ಆದವಾನಿಯಲ್ಲಿ, ಜಮಖಾನೆ ರೇಷ್ಮೆಗಳ ನೇಯ್ಗೆಯ ಪಕ್ಕದಲ್ಲೇ ಹಲವು ಜಿನ್ನು ಪ್ರೆಸ್ಸುಗಳು ನಡೆಯುತ್ತಿದ್ದವು. ಬಳ್ಳಾರಿ, ಅನಂತಪುರ, ಕರ್ನೂಲಿನ ಹತ್ತಿ ‘ವೆಸ್ಟರ್ನ್ಸ್’ ಎಂಬ ಹೆಸರಿನಲ್ಲಿ ಪರದೇಶದ ಪೇಟೆಗೆ ಗೊತ್ತಾಗಿತ್ತು. ಅಂಡಿಗೆಯಲ್ಲಿ ಸಡಿಲವಾಗಿ ತುಂಬಿ ಬಂದ ಹತ್ತಿ ಜಿನ್ನಿನಲ್ಲಿ ಅರಳೆಯಾಗಿ, ಪ್ರೆಸ್ಸಿನಲ್ಲಿ ಸುಮಾರು 400 ಪೌಂಡಿನ ಬೇಲಾಗಿ, ಮೇಲೆ ಗೋಣಿಪಟ್ಟೆ ಹೊದ್ದು, ಕಬ್ಬಿಣದ ಪಟ್ಟಿ ಬಿಗಿಸಿಕೊಂಡು ರೈಲು ಹತ್ತುತ್ತಿತ್ತು. ಆ ಗೋಣಿಪಟ್ಟೆ ಮಾತ್ರ ಇಲ್ಲಿಯದಲ್ಲ. 1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾದ ಮೇಲೆ ಹೂಗ್ಲಿ ದಂಡೆಯ ಗಿರಣಿ ಚೀಲ ಅಗ್ಗವಾಗಿ ದೇಶ ತುಂಬಿತು. ಪುಂಡಿಯ ಕೈನೂಲು ಅದರೆದುರು ನಿಲ್ಲಲಿಲ್ಲ. ಗೋಣಿಗರ ಮಗ್ಗ ಹಗ್ಗ ಹೊಸೆಯುವುದಕ್ಕೆ ಇಳಿಯಿತು.

ಚೀಲ ಮಾಡುವವನು ಸಾವಿರ ಮೈಲಿಯಾಚೆ ಹೋದ ಮೇಲೆ ಅದರ ಗುಣ ಕೆಡಬೇಕಿತ್ತು. ಕೆಡಲಿಲ್ಲ. ನಡುವೆ ಹೊಸಬನೊಬ್ಬ ಬಂದು ನಿಂತದ್ದೇ ಕಾರಣ. ಕಲ್ಕತ್ತೆಯ ಚೀಲ ಅಗ್ಗ ಎಂದರೂ ರೈತನಿಗೂ ದಲ್ಲಾಳಿಗೂ ಅದು ಒಂದೇ ಸಲ ಬಳಸಿ ಎಸೆಯುವಷ್ಟು ಅಗ್ಗವಲ್ಲ. ಬರಿದಾದ ಚೀಲವನ್ನು ಕೊಂಡು, ವಿಂಗಡಿಸಿ, ತೇಪೆ ಹಾಕಿಸಿ, ಮರಳಿ ಮಾರುವ ಅಂಗಡಿಗಳು ದಕ್ಷಿಣದ ಎಲ್ಲ ಹತ್ತಿ, ಶೇಂಗಾ, ಧಾನ್ಯದ ಪೇಟೆಗಳಲ್ಲೂ ಬೆಳೆದವು. ಮಾಲಿನ ಲೆಕ್ಕದಲ್ಲಿ ಬಾರದಾನಕ್ಕೆ, ಅಂದರೆ ಮಾಲು ತುಂಬುವ ಚೀಲಕ್ಕೆ, ಬೇರೆಯೇ ಸಾಲು ಬಂತು: ತೂಕದಲ್ಲಿ ಎಷ್ಟು ಕಳೆಯಬೇಕು, ಚೀಲ ಯಾರದು, ತಿರುಗಿ ಬರಬೇಕೇ ಬೇಡವೇ. ಅಂಗಡಿಯ ಹಿಂದೆ ನೆಲದ ಮೇಲೆ ಕೂತ ಹೆಂಗಸರು ದಬ್ಬಣ ಸುತಲಿ ಹಿಡಿದು ಚೀಲವನ್ನು ಒಳಹೊರಗು ಮಾಡಿ, ಕೊಡವಿ, ತೂತು ಹುಡುಕಿ ಹೊಲಿಯುತ್ತಿದ್ದರು. ನೇಯ್ಗೆ ಬಿಗಿಯೋ ಸಡಿಲವೋ, ಅಂಚಿನ ಹೊಲಿಗೆ ಒಂಟಿಯೋ ಜೋಡಿಯೋ, ಉಪ್ಪು ತಗುಲಿದೆಯೋ ಎಣ್ಣೆ ಕುಡಿದಿದೆಯೋ ಎಂಬುದನ್ನು ಬೆರಳೇ ಹೇಳುತ್ತಿತ್ತು. ಅಕ್ಕಿಯ ಚೀಲ ಅಕ್ಕಿಗೇ ತಿರುಗಿದರೆ ಮೇಲಿನ ದರ. ಶೇಂಗಾಕಾಯಿಗೆ ಇಳಿದರೆ ಅದಕ್ಕಿಂತ ಕಡಿಮೆ. ಆಮೇಲೆ ಹಿಂಡಿ, ಆಮೇಲೆ ಇದ್ದಿಲು. ಕೊನೆಗೆ ಬಾಗಿಲ ಕಾಲೊರೆಸು, ಎತ್ತಿನ ಬೆನ್ನಿನ ಹೊದಿಕೆ, ಹರಿದ ಚೂರು ಕಾಗದದ ಗಿರಣಿಗೆ. ಬೇಲಿನ ಕಬ್ಬಿಣದ ಪಟ್ಟಿಯನ್ನೂ ಬಡಿದು ನೇರ ಮಾಡಿ ತುದಿ ಕೂಡಿಸಿ ಮತ್ತೆ ಬಿಗಿಯುವುದಿತ್ತು.

ಈ ವ್ಯವಹಾರದ ಬಲ ಎಲ್ಲಿತ್ತೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಹತ್ತು ರೂಪಾಯಿಯ ಗಟ್ಟಿ ಚೀಲ ಬರಿದಾದ ಮೇಲೆ ಆರಕ್ಕೆ ಹೋಗುತ್ತದೆ; ಆರು ರೂಪಾಯಿಯ ತೆಳು ಚೀಲ ಒಂದಕ್ಕೆ ಹೋಗುತ್ತದೆ. ಮೊದಲನೆಯದರ ಖರ್ಚು ನಾಲ್ಕು, ಎರಡನೆಯದರದು ಐದು. ಲೆಕ್ಕ ಬಲ್ಲ ದಲ್ಲಾಳಿ ಗಟ್ಟಿ ಚೀಲವನ್ನೇ ಕೊಳ್ಳುತ್ತಾನೆ. ಗಿರಣಿಗೆ ಬುದ್ಧಿ ಹೇಳಲು ಯಾರೂ ಕಲ್ಕತ್ತೆಗೆ ಹೋಗಬೇಕಾಗಿಲ್ಲ. ಖಾಲಿ ಚೀಲಕ್ಕೆ ಗುಣ ನೋಡಿ ದರ ಕಟ್ಟಿದ ಸಣ್ಣ ಅಂಗಡಿಯೇ, ತನಗೆ ಗೊತ್ತಿಲ್ಲದೆ, ಹೊಸ ಚೀಲದ ಗುಣವನ್ನೂ ಕಾಯುತ್ತಿತ್ತು. ಇಲ್ಲಿ ಮುಖ್ಯವಾದದ್ದು ಚೀಲ ಎಣಿಕೆಯ ಮೇಲೆ ಮಾರಾಟವಾಗುತ್ತಿತ್ತು ಎಂಬುದು. ಪ್ರತಿ ಚೀಲವನ್ನೂ ಕೈಯಲ್ಲಿ ಹಿಡಿದು ನೋಡಿದರೇ ದರ. ತೂಕಕ್ಕೆ ಹಾಕುವ ವಸ್ತುವಿನಲ್ಲಿ ಒಳ್ಳೆಯದು ಕೆಟ್ಟದ್ದು ಒಂದೇ ತಕ್ಕಡಿಗೆ ಬೀಳುತ್ತದೆ. ಎಣಿಸಿ ಕೊಳ್ಳುವ ವಸ್ತುವಿನಲ್ಲಿ ಹಾಗೆ ಬೀಳಲಾರದು.

ಕೊರತೆಯ ಕಾಲದಲ್ಲಿ ಈ ಓಣಿಯ ಬೆಲೆ ಇನ್ನೂ ಹೆಚ್ಚಿತು. ಎರಡೂ ಮಹಾಯುದ್ಧಗಳಲ್ಲಿ ಸೆಣಬು ಮರಳುಚೀಲವಾಗಿ ರಣರಂಗಕ್ಕೆ ಹೋಯಿತು. 1947ರಲ್ಲಿ ದೇಶ ಒಡೆದಾಗ ಸೆಣಬು ಬೆಳೆಯುವ ನೆಲದ ದೊಡ್ಡ ಪಾಲು ಪೂರ್ವ ಪಾಕಿಸ್ತಾನಕ್ಕೆ ಹೋಗಿ, ಗಿರಣಿಗಳು ಬಹುಮಟ್ಟಿಗೆ ಕಲ್ಕತ್ತೆಯ ಸುತ್ತ ಉಳಿದವು. 1949ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಎರಡು ದೇಶಗಳ ವ್ಯಾಪಾರ ಕಟ್ಟಿ, ಗಿರಣಿಗಳು ನಾರಿಲ್ಲದೆ ಪರದಾಡಿದವು. ಆಗ ಪೇಟೆಗಳು ನಿಲ್ಲದೆ ನಡೆದದ್ದರಲ್ಲಿ ತೇಪೆಯ ಚೀಲದ ಪಾಲು ದೊಡ್ಡದು.

ಸರಕಾರಕ್ಕೆ ಹೊದಿಕೆಯ ಮೇಲೆ ಕಣ್ಣಿರಲಿಲ್ಲ ಎಂದಲ್ಲ. 1863ರಲ್ಲೇ ಬೊಂಬಾಯಿ ಸರಕಾರ ಹತ್ತಿಯ ಮೋಸ ತಡೆಯಲು ಕಾಯಿದೆ ತಂದಿತ್ತು. 1925ರ ಜಿನ್ನು ಪ್ರೆಸ್ಸುಗಳ ಕಾಯಿದೆಯಂತೆ ಪ್ರತಿ ಬೇಲಿನ ಮೇಲೂ ಪ್ರೆಸ್ಸಿನ ಗುರುತು, ಸಾಲು ಸಂಖ್ಯೆ ಒತ್ತಬೇಕಾಯಿತು. ಒಳಗೆ ಕಲ್ಲು, ಹಸಿ ಅರಳೆ ಸಿಕ್ಕರೆ ಯಾವ ಊರಿನ ಯಾವ ಪ್ರೆಸ್ಸು ಎಂದು ಹಿಡಿಯಲು ದಾರಿಯಾಯಿತು. ಹೊದಿಕೆ ಯಾರಿಂದ ಹೊರಟಿತೆಂದು ಅದರ ಮೈಮೇಲೆ ಬರೆಸುವುದು ನೂರು ವರ್ಷದ ಹಿಂದೆಯೇ ಈ ಸೀಮೆಗೆ ಗೊತ್ತಿದ್ದ ಕ್ರಮ. ಇವತ್ತು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಉತ್ಪಾದಕನ ನೋಂದಣಿ ಸಂಖ್ಯೆ ಬೇಕೆನ್ನುವ ನಿಯಮವನ್ನು ಉದ್ಯಮದವರು ಹೊಸ ಹೊರೆ ಎಂದು ದೂರುವಾಗ ಇದನ್ನು ನೆನೆಯಬೇಕು.

ಹೆಣೆದ ಪ್ಲಾಸ್ಟಿಕ್ ಚೀಲ ಬಂದ ಮೇಲೆ ಸರಕಾರ ಎದ್ದು ನಿಂತದ್ದು ಸೆಣಬಿನ ಪರವಾಗಿ. 1987ರ ಸೆಣಬಿನ ಹೊದಿಕೆ ಕಡ್ಡಾಯ ಬಳಕೆಯ ಕಾಯಿದೆಯಡಿ ಮೊದಲಿಗೆ ಧಾನ್ಯ, ಸಕ್ಕರೆಗಳ ಜೊತೆ ಸಿಮೆಂಟು, ರಸಗೊಬ್ಬರಗಳೂ ಇದ್ದವು. ಸಿಮೆಂಟಿನವರು ನ್ಯಾಯಾಲಯಕ್ಕೆ ಹೋದರು; 1996ರಲ್ಲಿ ದಾಲ್ಮಿಯಾ ಸಿಮೆಂಟಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆದರೂ ಮುಂದೆ ಸಿಮೆಂಟು, ಗೊಬ್ಬರ ಎರಡೂ ಪಟ್ಟಿಯಿಂದ ಹೊರಬಂದವು. ಈಗ ಉಳಿದಿರುವುದು ಧಾನ್ಯ, ಮತ್ತು ಸಕ್ಕರೆಯಲ್ಲಿ ನೂರಕ್ಕೆ 20 ಪಾಲು. ಬಂಗಾಳದ ರೈತ, ಕಾರ್ಮಿಕರಿಗೆ ಈ ಕಾಯಿದೆ ಆಸರೆಯಾಗಿದೆ. ಅದನ್ನು ಹಗುರ ಮಾಡುವಂತಿಲ್ಲ. ಆದರೆ ಅದು ಕಾದದ್ದು ಹೊಸ ಚೀಲ ಮಾಡುವವನನ್ನು. ಹಳೆಯ ಚೀಲ ಕೊಳ್ಳುವವನು ಅದರ ಕಣ್ಣಿಗೆ ಬೀಳಲಿಲ್ಲ. ಒಮ್ಮೆ ಬಳಸಿದ ಚೀಲದಲ್ಲಿ ಧಾನ್ಯ ಖರೀದಿಸುವುದು ಸರಕಾರದ ಲೆಕ್ಕದಲ್ಲಿ ಕೊರತೆಯ ಕಾಲದ ವಿನಾಯಿತಿ. 2020ರಲ್ಲಿ ಸಾಂಕ್ರಾಮಿಕದಿಂದ ಗಿರಣಿಗಳು ಮುಚ್ಚಿದಾಗ ಅಂಥ ವಿನಾಯಿತಿ ಕೊಟ್ಟರು; ಗಿರಣಿ ತೆರೆದ ಮೇಲೆ ಹೊಸ ಚೀಲವೇ ಮತ್ತೆ ನಿಯಮವಾಯಿತು.

ಪ್ಲಾಸ್ಟಿಕ್ ಚೀಲ ಗೆದ್ದದ್ದು ಅಗ್ಗದಿಂದ ಎನ್ನುತ್ತಾರೆ. ಅದು ಅರ್ಧ ಸತ್ಯ. ಅದು ಹಗುರ, ನೀರಿಗೆ ಜಗ್ಗುವುದಿಲ್ಲ, ಪುಡಿ ಸೋರುವುದು ಕಡಿಮೆ. ಗೊಬ್ಬರ, ಸಿಮೆಂಟಿನವರಿಗೆ ಬೇಕಾದದ್ದು ಅದೇ. ಉಳಿದ ಅರ್ಧ, ಖಾಲಿಯಾದ ಮೇಲೆ ಅದರ ದರ ಬಿದ್ದುಹೋದದ್ದು. ಅಕ್ಕಿ, ಸಕ್ಕರೆಯ ಒಳ್ಳೆಯ ಪ್ಲಾಸ್ಟಿಕ್ ಚೀಲಕ್ಕೆ ಒಂದೆರಡು ಕೈ ಮರುಮಾರಾಟ ಇದೆ. ಆಮೇಲೆ ಬಿಸಿಲಿಗೆ ಎಳೆ ಬಿಟ್ಟು ಪುಡಿಯಾಗುವ ಅದನ್ನು ದಬ್ಬಣ ಹಿಡಿಸಿ ಹೊಲಿಯುವುದು ಆಗದ ಮಾತು. ಗುಜರಿಗೆ ಹೋದರೆ ಕಿಲೋ ಲೆಕ್ಕ. ಹಾಗೆ ಚೀಲ ಎಣಿಕೆಯಿಂದ ತೂಕಕ್ಕೆ ಇಳಿಯಿತು. ಅಲ್ಲಿಂದಾಚೆಗೆ ಗಟ್ಟಿ ಚೀಲ ಮಾಡಿದವನಿಗೂ ತೆಳು ಚೀಲ ಮಾಡಿದವನಿಗೂ ಪೇಟೆಯ ಹಿಂದಿನ ಓಣಿಯಿಂದ ಯಾವ ಸುದ್ದಿಯೂ ತಿರುಗಿ ಹೋಗಲಿಲ್ಲ.

ಇದರ ಫಲ ಆದವಾನಿಯ ಹತ್ತಿಯ ಮೇಲೇ ಬಿತ್ತು. ಬೆಲೆಯಿಲ್ಲದ ಯೂರಿಯಾ ಚೀಲ ರೈತನ ಮನೆಯಲ್ಲಿ ಉಳಿಯುತ್ತದೆ. ಹತ್ತಿ ಬಿಡಿಸುವ ಹೊತ್ತಿಗೆ ಅದೇ ಕೈಗೆ ಸಿಗುವ ಚೀಲ. ಬಿಸಿಲುಂಡ ಅದರ ಎಳೆಗಳು ಹತ್ತಿಯಲ್ಲಿ ಸೇರಿ, ಜಿನ್ನು ದಾಟಿ, ನೂಲಾಗಿ, ಬಟ್ಟೆಯಾಗುತ್ತವೆ. ಬಣ್ಣಕ್ಕೆ ಹಾಕಿದಾಗ ಆ ಎಳೆ ಬಣ್ಣ ಹಿಡಿಯದೆ ಬಿಳಿ ಗೀರಾಗಿ ಎದ್ದು ಕಾಣುತ್ತದೆ. ಅಂತರರಾಷ್ಟ್ರೀಯ ಜವಳಿ ಉತ್ಪಾದಕರ ಒಕ್ಕೂಟದ ಸಮೀಕ್ಷೆಗಳಲ್ಲಿ ಭಾರತದ ಹತ್ತಿ ಕಲಬೆರಕೆಯ ಪಟ್ಟಿಯ ಮೇಲ್ತುದಿಯಲ್ಲಿ ಪದೇ ಪದೇ ಕಾಣಿಸಿಕೊಂಡದ್ದಕ್ಕೆ ಇಂಥ ಎಳೆಗಳೂ ಕಾರಣ. 2000ದಲ್ಲಿ ಹತ್ತಿಯ ತಂತ್ರಜ್ಞಾನ ಮಿಷನ್ ಶುರುವಾದಾಗ ಯಾರ್ಡುಗಳನ್ನೂ ಜಿನ್ನುಗಳನ್ನೂ ಸುಧಾರಿಸುವ ಕೆಲಸದ ಜೊತೆಗೆ ಬೇಲಿಗೆ ಹತ್ತಿ ಬಟ್ಟೆಯದೇ ಹೊದಿಕೆ ಇರಲಿ ಎಂಬ ಸಲಹೆಯೂ ಬಲವಾಯಿತು. ಗೋಣಿಯೇನು ಶುದ್ಧವೇ ಎಂದು ಇಲ್ಲಿ ಕೇಳಬೇಕು, ಕೇಳುವುದು ನ್ಯಾಯ ಕೂಡ. ಸೆಣಬಿನ ಎಳೆ, ಸುತಲಿಯ ತುಂಡು ಸಹ ಅರಳೆಯನ್ನು ಕೆಡಿಸುತ್ತವೆ. ಆದ್ದರಿಂದ ನನ್ನ ವಾದ ಗೋಣಿಗೆ ಮರಳಿ ಎಂದಲ್ಲ. ಹತ್ತಿಗೆ ಹತ್ತಿಯ ಬಟ್ಟೆಯೇ ತಕ್ಕ ಹೊದಿಕೆ, ಅದನ್ನು ನೇಯುವ ಕೈ ದೂರದಲ್ಲೂ ಇಲ್ಲ: ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ ಎಮ್ಮಿಗನೂರು ಆದವಾನಿಯ ಮಗ್ಗುಲಲ್ಲೇ ಇದೆ. ಯಾವ ಮಾಲಿಗೆ ಯಾವ ನಾರು ಎಂಬ ಈ ವಿವೇಕ ಖಾಲಿ ಚೀಲ ವಿಂಗಡಿಸುತ್ತಿದ್ದ ಕೈಗಳಲ್ಲಿತ್ತು.

ಮರುಬಳಕೆಯ ವಿರುದ್ಧ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಆರೋಗ್ಯದ್ದು. 1958ರಲ್ಲಿ ಕೇರಳದಲ್ಲಿ, ಹಡಗಿನಲ್ಲಿ ಕೀಟನಾಶಕದ ಜೊತೆ ಬಂದ ಹಿಟ್ಟಿಗೆ ವಿಷ ತಗುಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. 1968ರ ಕೀಟನಾಶಕ ಕಾಯಿದೆಯ ಹಿಂದೆ ಆ ಸಾವುಗಳಿವೆ. ಚೀಲ ಹಿಂದೆ ಏನನ್ನು ಹೊತ್ತಿತ್ತು, ಯಾವುದರ ಪಕ್ಕ ಇತ್ತು ಎಂಬುದು ಪ್ರಾಣದ ಪ್ರಶ್ನೆ. ಶೇಂಗಾ ಎಣ್ಣೆಯ ಹಳೆಯ ಡಬ್ಬವನ್ನು ತೊಳೆದು ಮತ್ತೆ ತುಂಬುವ ರೂಢಿಯನ್ನು ಆಹಾರ ಸುರಕ್ಷತೆಯ ನಿಯಮ ನಿಷೇಧಿಸಿದ್ದೂ ಸರಿಯೇ. ಆದರೆ ಈ ಆಕ್ಷೇಪ ಎಸೆಯುವ ಪದ್ಧತಿಯನ್ನು ಸಮರ್ಥಿಸಲಾರದು. ಯೂರಿಯಾ ಚೀಲದಲ್ಲಿ ಜೋಳ ತುಂಬಿಡುವ ಮನೆಗಳಿವೆ; ಆ ಮರುಬಳಕೆಯನ್ನು ಯಾರೂ ವಿಂಗಡಿಸುವುದಿಲ್ಲ, ತಡೆಯುವುದೂ ಇಲ್ಲ. ಗೊಬ್ಬರದ ಚೀಲಕ್ಕೆ ಒಂದು ನಿಶ್ಚಿತ ದರವಿದ್ದು, ಅದನ್ನು ಕೊಳ್ಳುವ ಅಂಗಡಿ ಹತ್ತಿರವಿದ್ದರೆ ಅದು ಜೋಳದ ಮೂಲೆಗೂ ಹೋಗದು, ಹತ್ತಿಯ ಹೊಲಕ್ಕೂ ಹೋಗದು. ಖಾಲಿ ಚೀಲದ ವ್ಯಾಪಾರಿ ಇಲ್ಲದ ಕಡೆ ಮರುಬಳಕೆ ನಿಲ್ಲುವುದಿಲ್ಲ, ಕುರುಡಾಗುತ್ತದೆ.

ಇನ್ನೊಂದು ಆಕ್ಷೇಪ, ಸಣ್ಣ ಅಂಗಡಿಯವನ ಮಾತನ್ನು ದೊಡ್ಡ ಕಂಪನಿ ಏಕೆ ಕೇಳೀತು ಎಂಬುದು. ಹೊದಿಕೆ ಮಾಡುವವರು ದರಕ್ಕೆ ಎಷ್ಟು ಬೇಗ ಬಗ್ಗುತ್ತಾರೆ ಎನ್ನುವುದಕ್ಕೆ ಈಚಿನ ಪುರಾವೆಯೇ ಇದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಅಕ್ಕಿಯ ಚೀಲಕ್ಕೆ ಜಿಎಸ್‌ಟಿ ಬಂದಾಗ, ಹೆಚ್ಚು ದಿನ ಹಿಡಿಯಲಿಲ್ಲ. ಆಂಧ್ರ, ಕರ್ನಾಟಕದ ಅಂಗಡಿಗಳಲ್ಲಿ 26 ಕಿಲೋ ಚೀಲ ಬಂದು ಕೂತಿತು. ಒಂದು ಕಿಲೋ ಹೆಚ್ಚಿಸಲು ಅಚ್ಚು, ಅಳತೆ, ಹೊಲಿಗೆ ಎಲ್ಲ ಬದಲಾಗಬಹುದಾದರೆ, ಖಾಲಿ ಚೀಲದ ದರಕ್ಕಾಗಿ ಪದರ ಬದಲಾಗಬಾರದೇಕೆ? ಕೊಳ್ಳುವವರೂ ದರಕ್ಕೆ ಬಗ್ಗುತ್ತಾರೆ: ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ತಿರುಗಿ ಕೊಡುವ ಕ್ರಮ ಮದ್ರಾಸ್ ಹೈಕೋರ್ಟಿನ ಆದೇಶದಿಂದ ಜಾರಿಯಾಯಿತು. ಕಾಡಿನಲ್ಲಿ ಒಡೆದು ಬೀಳುತ್ತಿದ್ದ ಗಾಜಿನ ಬಹುಪಾಲು ಅಂಗಡಿಗೆ ಮರಳಿತು.

ಹೊಸ ಕಾಯಿದೆಯೂ ಈ ಕಡೆಗೇ ಬಂದಿದೆ, ಆದರೆ ಓಣಿಯನ್ನು ಹೊರಗಿಟ್ಟು. 2016ರ ಪ್ಲಾಸ್ಟಿಕ್ ತ್ಯಾಜ್ಯದ ನಿಯಮಗಳಿಗೆ 2022ರ ಫೆಬ್ರವರಿಯಲ್ಲಿ ಸೇರಿದ ಮಾರ್ಗಸೂಚಿ ಉತ್ಪಾದಕನ ಮೇಲೆ ಹೊಣೆ ಹೊರಿಸಿತು. ಗಡುಸು ಪ್ಲಾಸ್ಟಿಕ್ ಹೊದಿಕೆಯಲ್ಲಿ 2025-26ಕ್ಕೆ ನೂರಕ್ಕೆ 30ರಷ್ಟು, 2028-29ಕ್ಕೆ 60ರಷ್ಟು ಮರುಬಳಸಿದ ಪ್ಲಾಸ್ಟಿಕ್ ಇರಬೇಕು; ಒಂದೇ ಪದರದ ಮೆತ್ತನೆಯದರಲ್ಲಿ 10ರಿಂದ 20. ಹೊಣೆ ತೀರಿದ್ದಕ್ಕೆ ಸರ್ಟಿಫಿಕೇಟು ಕೊಡುವವನು ನೋಂದಾಯಿತ ಸಂಸ್ಕರಣೆಗಾರ. ಓಣಿಓಣಿಯಿಂದ ಚೀಲ ಕೂಡಿಸಿ, ಬಣ್ಣ, ಜಾತಿ ಬೇರೆ ಮಾಡಿ ಅವನಿಗೆ ತಲುಪಿಸಿದ ಗುಜರಿಯವನಿಗೆ ಆ ಸರ್ಟಿಫಿಕೇಟಿನಲ್ಲಿ ಪಾಲೂ ಇಲ್ಲ, ಹೆಸರೂ ಇಲ್ಲ. ಲೆಕ್ಕ ಮತ್ತೆ ಟನ್ನಿನಲ್ಲಿ. ಟನ್ನಿನ ಲೆಕ್ಕದಲ್ಲಿ ಕಾಗದ, ಪ್ಲಾಸ್ಟಿಕ್ ಅಂಟಿಸಿದ, ಯಾರೂ ಬಿಡಿಸಲಾಗದ ಚೀಲವನ್ನು ಪೇಟೆಗೆ ಬಿಟ್ಟವನು ಬೇರೆ ಕಡೆಯ, ಅದೇ ವರ್ಗದ ಹೊದಿಕೆ ತೋರಿಸಿ ಋಣ ತೀರಿಸಬಹುದು. ಇದು ಚೀಲವನ್ನು ಬದಲಾಯಿಸಲಾರದು.

ಕಸ ಕೊಳ್ಳುವ ಸಣ್ಣ ಕಂಪನಿಗಳು ಇವತ್ತು ಮಾಡಬಹುದಾದದ್ದು ಹಳೆಯ ಗೋಣಿ ಅಂಗಡಿ ಮಾಡುತ್ತಿದ್ದದ್ದೇ: ದರ್ಜೆ ಕಟ್ಟಿ, ದರ ಬೇರೆ ಮಾಡಿ, ಅದನ್ನು ಎಲ್ಲರಿಗೂ ಕಾಣುವಂತೆ ಹಾಕುವುದು. ಒಂದೇ ಜಾತಿಯ ಪ್ಲಾಸ್ಟಿಕ್, ಕಡಿಮೆ ಶಾಯಿ, ಅಂಟಿಸದ ಪದರ, ಬಿಚ್ಚಲು ಬರುವ ಹೊಲಿಗೆ ಇರುವ ಚೀಲಕ್ಕೆ ಎಣಿಕೆಯ ಮೇಲೆ ಮೇಲಿನ ದರ. ಮಿಶ್ರ ಪದರದ್ದಕ್ಕೆ ದರವೇ ಇಲ್ಲ ಎಂದು ಕಂಪನಿಯ ಹೆಸರು ಹೇಳಿಯೇ ಬರೆಯುವುದು. ಒಂಟಿ ಅಂಗಡಿಗೆ ಇದು ಆಗದು. ಊರಿನ ಅಂಗಡಿಗಳು ಒಂದಾಗಿ ಕಟ್ಟಿದ ದರಪಟ್ಟಿಗೆ ಬಲವಿರುತ್ತದೆ, ಅದನ್ನು ಹತ್ತಿ, ಶೇಂಗಾದ ದರ ದಿನವೂ ಬೀಳುವ ಯಾರ್ಡಿನಲ್ಲೇ ಹಾಕಬಹುದು. ಕಾಯಿದೆಯ ಕಡೆಯಿಂದ ಬೇಕಾದದ್ದು ಎರಡು: ಉತ್ಪಾದಕ ಕಟ್ಟುವ ಹಣದ ಒಂದು ಪಾಲು ವಿಂಗಡಿಸಿದ ಕೈಗೆ ಚೀಲದ ಎಣಿಕೆಯ ಮೇಲೆ ಸಲ್ಲಬೇಕು, ಮತ್ತು ಗೊಬ್ಬರದ ಚೀಲಕ್ಕೆ ಸೊಸೈಟಿಯಲ್ಲೇ ಠೇವಣಿ ಇರಬೇಕು. 45 ಕಿಲೋದ ಯೂರಿಯಾ ಚೀಲ ರೈತನಿಗೆ ತಲುಪುವುದು ಹೆಚ್ಚಾಗಿ ನೋಂದಾಯಿತ ಅಂಗಡಿಯಿಂದ, ಯಂತ್ರದಲ್ಲಿ ಬೆರಳೊತ್ತಿಸಿಕೊಂಡು. ತಿರುಗಿ ಪಡೆಯುವುದಕ್ಕೆ ಬೇಕಾದ ಲೆಕ್ಕ ಅಲ್ಲಿ ಈಗಾಗಲೇ ಇದೆ.

ಉಳಿಯುವುದು ಕೂಲಿಯ ಪ್ರಶ್ನೆ, ಅದನ್ನು ಹಳೆಯ ಕಾಲದ ಹೊಗಳಿಕೆಯಲ್ಲಿ ಮುಚ್ಚಲಾಗದು. ಗೋಣಿಯ ಓಣಿ ನಡೆದದ್ದು ಹೆಂಗಸರ ಅಗ್ಗದ ದುಡಿಮೆಯ ಮೇಲೆ. ಚೀಲ ಕೊಡವಿದಾಗ ಏಳುವ ಧೂಳು ಅವರ ಎದೆಗೇ ಹೋಗುತ್ತಿತ್ತು, ಕೂಲಿ ಚೀಲದ ಲೆಕ್ಕದಲ್ಲಿ, ಕಾಯಿಲೆ ಬಿದ್ದ ದಿನಕ್ಕೆ ಏನೂ ಇಲ್ಲ. ಇವತ್ತು ಗುಜರಿಯಲ್ಲಿ ಗೊಬ್ಬರದ, ಕೀಟನಾಶಕದ ಚೀಲ ಬೇರೆ ಮಾಡುವ ಕೈಗಳಿಗೆ ಅಪಾಯ ಅದಕ್ಕಿಂತ ಹೆಚ್ಚು. ವಿಂಗಡಣೆಗೆ ಬೆಲೆ ಬರಬೇಕೆಂದರೆ ಆ ಬೆಲೆಯಲ್ಲಿ ಕೈಗವಸು, ಮುಖದ ಮುಸುಕು, ತೊಳೆಯುವ ನೀರು, ಇಎಸ್‌ಐ ಎಲ್ಲ ಸೇರಿರಬೇಕು. ಹಾಗೆ ಸೇರಿಸಿದರೆ ಖಾಲಿ ಚೀಲದ ವ್ಯಾಪಾರ ದುಬಾರಿಯಾಗುತ್ತದೆ ಎನ್ನುವವರಿದ್ದಾರೆ. ಆಗಲಿ. ಆ ಖರ್ಚನ್ನು ಕೊಡಬೇಕಾದವರು ಚೀಲವನ್ನು ಪೇಟೆಗೆ ಬಿಟ್ಟವರು, ಇಷ್ಟು ದಿನ ಅದನ್ನು ಕೊಟ್ಟವರು ದಬ್ಬಣ ಹಿಡಿದ ಹೆಂಗಸರು.